ಮೊಳೆ ಜೋಡಿಸುವ ಷರೀಫ್ ಕಲಿತ ಗ್ರೀಕ್ ಕ್ರಿಯಾಪದ

ಷರೀಫ್‌ಗೆ ಸಲ್ಲಬೇಕಾದದ್ದು ಮೂವತ್ತೊಂದು ಸಾವಿರದ ಆರುನೂರು ರೂಪಾಯಿ. ಅವನ ಬಲಗೈಗೆ ಕಾನೂನು ಕಟ್ಟಿದ ಬೆಲೆ ಅದು. ಐದು ವರ್ಷವಾಯಿತು, ಒಂದು ಪೈಸೆ ಬಂದಿಲ್ಲ. ಕೈಯೂ ವಾಪಸ್ ಬಂದಿಲ್ಲ.

ಶಿಡ್ಲಘಟ್ಟದ ಈಗಿನ ಹುಡುಗರಿಗೆ ಷರೀಫ್ ಯಾರೆಂದು ಗೊತ್ತಿಲ್ಲ. ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಬಯ್ಯಪ್ಪನ ಪ್ರೆಸ್ ಇತ್ತಲ್ಲ, ಅಲ್ಲಿ ಎಪ್ಪತ್ತನಾಲ್ಕರಿಂದ ತೊಂಬತ್ತೊಂದರವರೆಗೆ, ಹದಿನೇಳು ವರ್ಷ, ಅಚ್ಚುಮೊಳೆ ಜೋಡಿಸಿದವನು. ಆಗ ಅಚ್ಚಾಗುವ ಪ್ರತಿ ಅಕ್ಷರವೂ ಒಂದೊಂದು ಸೀಸದ ಮೊಳೆ. ಓರೆಯಾಗಿ ನಿಲ್ಲಿಸಿದ ಮರದ ಕೇಸು, ಅದರ ತುಂಬ ಸಣ್ಣ ಸಣ್ಣ ಖಾನೆ, ಒಂದೊಂದು ಖಾನೆಗೆ ಒಂದೊಂದು ಅಕ್ಷರ. ಎಡಗೈಯಲ್ಲಿ ಸ್ಟಿಕ್ ಅನ್ನುವ ಕಬ್ಬಿಣದ ಕಿರುತಟ್ಟೆ ಹಿಡಿದು, ಬಲಗೈಯಲ್ಲಿ ಮೊಳೆ ಹೆಕ್ಕಿ ಹೆಕ್ಕಿ ಸಾಲು ಕಟ್ಟಬೇಕು. ಪುಟ ಮುಗಿದರೆ ದಾರ ಸುತ್ತಿ ಬಿಗಿಯಬೇಕು. ಅಚ್ಚಾದ ಮೇಲೆ ದಾರ ಬಿಚ್ಚಿ, ಮಸಿ ತೊಳೆದು, ಅಷ್ಟೂ ಮೊಳೆಗಳನ್ನು ಅವುಗಳ ಖಾನೆಗೆ ಮತ್ತೆ ಹಾಕಬೇಕು. ಕಟ್ಟಿದ್ದಕ್ಕೆ ಕಾಸು, ಬಿಚ್ಚಿದ್ದಕ್ಕೆ ಇಲ್ಲ. ಪುಟದ ಲೆಕ್ಕದಲ್ಲಿ ಕೂಲಿ. ಹಾಜರಿ ಪುಸ್ತಕ ಅನ್ನುವುದು ಆ ಪ್ರೆಸ್ಸಿನಲ್ಲಿ ಇರಲೇ ಇಲ್ಲ.

ಷರೀಫ್ ಓದಿದ್ದು ಉರ್ದು ಶಾಲೆಯಲ್ಲಿ ನಾಲ್ಕನೇ ತರಗತಿ. ಕನ್ನಡ ಅಕ್ಷರ ಅವನಿಗೆ ಮೊದಲು ಸಿಕ್ಕಿದ್ದು ಸೀಸದಲ್ಲಿ, ಎಡಬಲ ತಿರುಗಿ. ಗೋಡೆ ಮೇಲಿನ ಬರಹ ಓದುವುದಕ್ಕಿಂತ ಮೊಳೆ ಓದುವುದು ಅವನಿಗೆ ಸಲೀಸು. ಅವನ ಹೆಂಡತಿ ವಜೀರುನ್ನೀಸಾ ನೂಲು ಬಿಚ್ಚಾಣಿಕೆಯ ಕೂಲಿ. ಕುದಿನೀರಿನಲ್ಲಿ ಕೈ ಅದ್ದಿ ಗೂಡಿನ ಎಳೆ ಹಿಡಿದು ಚರಕಕ್ಕೆ ಕೊಡುವ ಕೆಲಸ. ಅವಳು ನಮ್ಮ ಬಿಚ್ಚಾಣಿಕೆ ಕಾರ್ಮಿಕರ ಸಂಘದಲ್ಲಿದ್ದಳು, ಷರೀಫ್ ಇರಲಿಲ್ಲ. ಪ್ರೆಸ್ಸಿನವರಿಗೆ ಸಂಘವೇ ಇರಲಿಲ್ಲ. ಸಂಘದ ಕರಪತ್ರ ಮಾಡಿಸಲು ನಾನು ಅಲ್ಲಿಗೆ ಹೋಗುತ್ತಿದ್ದೆ. ಇಡೀ ತಾಲ್ಲೂಕಿನ ಕೂಲಿಗಾರರ ಮಾತು ಮುದ್ರಿಸಿದ ಆ ಮೂಲೆಯಲ್ಲೇ ಒಬ್ಬ ಕೂಲಿಗಾರ ನಿಂತಿದ್ದಾನೆ ಅನ್ನುವುದು ಅಷ್ಟು ವರ್ಷ ನನಗೆ ಹೊಳೆಯಲಿಲ್ಲ. ಈ ತಪ್ಪನ್ನು ಒಪ್ಪಿಕೊಂಡು ಮುಂದಕ್ಕೆ ಹೋಗುತ್ತೇನೆ.

ಎಂಬತ್ತಾರರ ಬೇಸಿಗೆಯಲ್ಲಿ ಚನ್ನಕೇಶವ ಮೇಷ್ಟ್ರು ಪ್ರೆಸ್ಸಿಗೆ ಬಂದರು. ಮಂಚೇನಹಳ್ಳಿಯವರು, ಹೊಲಮನೆ ಇದ್ದ ಕುಳ. ತಮ್ಮಂದಿರು ಬೇಸಾಯ ನೋಡಿಕೊಂಡರು, ಇವರು ಹೈಸ್ಕೂಲಿನಲ್ಲಿ ಸಂಸ್ಕೃತ ಹೇಳಿಕೊಟ್ಟು ನಿವೃತ್ತರಾದರು. ಬೆಂಗಳೂರಿನ ಫುಟ್‌ಪಾತಿನಲ್ಲಿ ಕೊಂಡ ಒಂದು ಹಳೆಯ ವ್ಯಾಕರಣ ಇಟ್ಟುಕೊಂಡು ಮೂವತ್ತು ವರ್ಷ ಒಬ್ಬರೇ ಗ್ರೀಕ್ ಕಲಿತಿದ್ದರಂತೆ. ಊರಿನಲ್ಲಿ ಅದನ್ನು ಹೇಳಿಕೊಳ್ಳಲು ಒಂದು ನರಪಿಳ್ಳೆಯೂ ಇರಲಿಲ್ಲ. ಎರಡು ಬಸ್ಸು ಹತ್ತಿ ಬಂದ ಬೆವರಲ್ಲೇ ಚೀಲದಿಂದ ನೋಟ್‌ಬುಕ್ ತೆಗೆದು ಬಯ್ಯಪ್ಪನ ಮುಂದಿಟ್ಟರು.

"ಏನ್ ಮೇಷ್ಟ್ರೇ ಇದು, ಇಂಗ್ಲಿಷಾ?" ಅಂದ ಬಯ್ಯಪ್ಪ.

"ಗ್ರೀಕು. ಎರಡೂವರೆ ಸಾವಿರ ವರ್ಷದ ಭಾಷೆ."

"ಅಬ್ಬ. ಓದೋರು ಯಾರಾನ ಉಳ್ಕೊಂಡವ್ರಾ?"

ಮೇಷ್ಟ್ರಿಗೆ ಈ ಬಗೆಯ ಮಾತು ಕೇಳಿ ಅಭ್ಯಾಸವಿತ್ತು. "ಒಂದೇ ಕ್ರಿಯಾಪದ ಬಯ್ಯಪ್ಪ. ಅದರ ಅರ್ಥ, ಅದರ ಹುಟ್ಟು, ಅದರ ರೂಪಗಳು. ಗ್ರೀಕ್ ಕಲಿಯೋರು ಎಲ್ಲ ದೇಶದಲ್ಲೂ ಮೊದಲು ಕಲಿಯೋದು ಇದನ್ನೇ. ಕನ್ನಡದ ಹುಡುಗರಿಗೆ ಅಂತ ಬರೆದಿದ್ದೀನಿ. ಅರವತ್ತನಾಲ್ಕು ಪುಟ ಆಗುತ್ತೆ."

"ಒಂದ್ ಮಾತಿಗೆ ಅರವತ್ನಾಲ್ಕ್ ಪುಟಾನಾ? ನೋಡಿ, ಅಲ್ಲಿ ಕೂತವ್ರಲ್ಲ ನಮ್ ಲೀಡರು, ಇಡೀ ಕ್ರಾಂತೀನ ಅರ್ಧ ಹಾಳೇಲಿ ಮುಗಿಸ್ತಾರೆ."

ನನ್ನನ್ನು ತೋರಿಸಿ ನಕ್ಕ. ಕೇಸಿನ ಹತ್ತಿರ ನಿಂತಿದ್ದ ಷರೀಫ್ ತಿರುಗದೆಯೇ ಅಂದ: "ಅರ್ಧ ಹಾಳೆ ಕ್ರಾಂತಿಗೆ ಇನ್ನೂ ಬಾಕಿ ಐತೆ ಯಜಮಾನ್ರೇ, ಲೀಡರ್ ಸಾಬ್ ಕೊಟ್ಟಿಲ್ಲ."

ಗ್ರೀಕ್ ಮೊಳೆ ಆ ಪ್ರೆಸ್ಸಿನಲ್ಲಿ ಇರಲಿಲ್ಲ, ಮದರಾಸಿನಿಂದ ತರಿಸಿದರೆ ಮೇಷ್ಟ್ರ ನಾಲ್ಕು ತಿಂಗಳ ಪಿಂಚಣಿ. ಕನ್ನಡ ಅಕ್ಷರದಲ್ಲೇ ಬರೆದುಬಿಡಿ ಎಂದು ಬಯ್ಯಪ್ಪ ಹೇಳಿದ. ಮೇಷ್ಟ್ರು ನೋಟ್‌ಬುಕ್ ಮುಚ್ಚಿ ಚೀಲಕ್ಕೆ ಹಾಕಲು ಹೊರಟರು. ಆಗ ಷರೀಫ್ ಸ್ಟಿಕ್ ಕೆಳಗಿಟ್ಟು ಬಂದ.

"ಒಂದ್ಸಲ ಬರೆದು ತೋರ್ಸಿ ಮೇಷ್ಟ್ರೇ, ದಪ್ಪಕ್ಕೆ."

ಮೇಷ್ಟ್ರು ಬರೆದರು. ಮೂರೇ ಅಕ್ಷರ. ಷರೀಫ್ ಆ ಹಾಳೆಯನ್ನು ಅತ್ತ ತಿರುಗಿಸಿದ, ಇತ್ತ ತಿರುಗಿಸಿದ. ಲಗ್ನಪತ್ರಿಕೆಗೆ ಬಳಸುವ ಇಂಗ್ಲಿಷ್ ಮೊಳೆಗಳ ಕೇಸಿಗೆ ಹೋಗಿ ವೈ ಅಕ್ಷರವನ್ನು ತಲೆಕೆಳಗು ಮಾಡಿ ಹಿಡಿದ. ಅದೇ ಮೊದಲನೆಯ ಅಕ್ಷರ. ಎರಡನೆಯದು ಯು. ಮೂರನೆಯದು ಡಬ್ಲ್ಯೂ, ಮೂಲೆಗಳನ್ನು ಅರದಿಂದ ಉಜ್ಜಿ ದುಂಡು ಮಾಡಿದರೆ ಆಯಿತು. ಮಾರನೆಯ ವಾರ ಮೂರು ಅಂಕಿಯನ್ನು ತಿರುಗಿಸಿ ಗ್ರೀಕಿನ ಎ ಮಾಡಿದ. ಆರು ಅಂಕಿಯನ್ನು ಅಡ್ಡ ಮಲಗಿಸಿ, ಮೈ ಕೊಯ್ದು ಕೂರಿಸಿ ಸ ಮಾಡಿದ. ಮೇಷ್ಟ್ರು ಒಂದೊಂದನ್ನೂ ಕಣ್ಣಿನ ಹತ್ತಿರ ಹಿಡಿದು ನೋಡಿದರು. ಹೊರಗೆ ಹೋಗಿ ಅಕ್ಕಯಮ್ಮನ ಟೀ ಅಂಗಡಿಯಿಂದ ಎಲ್ಲರಿಗೂ ಟೀ ಕಳಿಸಿದರು. ಕೈ ಬಿಗಿಯ ಮನುಷ್ಯ, ಅದು ದೊಡ್ಡ ಸಂಗತಿ.

ಉಜ್ಜಿದ ಸೀಸದ ಪುಡಿ ಮೇಜಿನ ಮೇಲೆ ಬೂದಿಯ ಹಾಗೆ ಬೀಳುತ್ತಿತ್ತು. ಷರೀಫ್ ಉಫ್ ಎಂದು ಊದುತ್ತಿದ್ದ. ಈ ಹೊಸ ಮೊಳೆಗಳಿಗೆ ಕೇಸಿನಲ್ಲಿ ಖಾನೆ ಇರಲಿಲ್ಲ. ಇಂಗ್ಲಿಷಿನವುಗಳ ಜೊತೆ ಬೆರೆತರೆ ಹುಡುಕುವುದು ಕಷ್ಟ. ಆದ್ದರಿಂದ ಸಾಲು ಕಟ್ಟುವಾಗ ಅವನ್ನು ಬಾಯಲ್ಲಿ ಇಟ್ಟುಕೊಳ್ಳುತ್ತಿದ್ದ. ದರ್ಜಿ ಗುಂಡುಸೂಜಿ ಕಚ್ಚಿಕೊಂಡ ಹಾಗೆ. ಒಂದು ಕೆನ್ನೆಯಲ್ಲಿ ಎಲೆ ಅಡಿಕೆ, ಇನ್ನೊಂದರಲ್ಲಿ ಗ್ರೀಕು. ಸೀಸ ಒಳಗೆ ಹೋದರೆ ಕೆಟ್ಟದ್ದು ಅನ್ನುವುದು ಪ್ರೆಸ್ಸಿನವರಿಗೆಲ್ಲ ಗೊತ್ತಿತ್ತು. ಅದಕ್ಕೆ ಅವರ ಮದ್ದೂ ಇತ್ತು: ಶನಿವಾರ ಸಾಯಂಕಾಲ ಬಯ್ಯಪ್ಪ ಮೊಳೆ ಜೋಡಿಸುವವರಿಗೆಲ್ಲ ಒಂದೊಂದು ಅಚ್ಚು ಬೆಲ್ಲ ಹಂಚುತ್ತಿದ್ದ. ಅವರಪ್ಪನ ಕಾಲದ ಪದ್ಧತಿ. ಬೆಲ್ಲ ತಿಂದರೆ ಗಂಟಲಲ್ಲಿ ಕೂತ ಸೀಸ ಕೆಳಗಿಳಿಯುತ್ತೆ ಅನ್ನುವ ನಂಬಿಕೆ. ಕೆಳಗಿಳಿದು ಎಲ್ಲಿಗೆ ಹೋಗುತ್ತೆ ಅಂತ ಕೇಳಿದವರಿಲ್ಲ.

ಆರು ವೈ ಮೊಳೆಗಳನ್ನು ಮಾತ್ರ ಷರೀಫ್ ಗ್ರೀಕಿಗೆ ಬಿಟ್ಟುಕೊಟ್ಟಿದ್ದ. ಅಂದರೆ ಆರು ಸಲ ಮಾತ್ರ ಆ ಮಾತು ಬರಬಹುದು. ಏಳನೆಯ ಸಲಕ್ಕೆ ಹಿಂದಿನ ಪುಟ ಅಚ್ಚಾಗಿ, ದಾರ ಬಿಚ್ಚಿ, ಮೊಳೆ ತೊಳೆದು ಬರಬೇಕು. ಹೀಗಾಗಿ ಕೆಲಸ ಒಂದು ಸಲಕ್ಕೆ ಒಂದೂವರೆ ಪುಟ, ಎರಡು ಪುಟ ಅನ್ನುವಂತೆ ತೆವಳಿತು. ಪ್ರೂಫ್ ನೋಡಲು ಮೇಷ್ಟ್ರು ವಾರಕ್ಕೊಂದು ಸಲ ಬಂದು ಇಡೀ ದಿನ ಮುರುಕು ಕುರ್ಚಿಯಲ್ಲಿ ಕಾಯಬೇಕಾಯಿತು. ಕಾಯುವವನು ಮಾತಾಡುತ್ತಾನೆ. ಷರೀಫ್ ಕಲಿತದ್ದು ಹೀಗೆ.

ಆ ಕ್ರಿಯಾಪದ ಲೂಓ. ಮೇಷ್ಟ್ರು ಅದಕ್ಕೆ 'ಸಡಿಲಿಸುತ್ತೇನೆ' ಎಂದು ಅರ್ಥ ಬರೆದಿದ್ದರು.

"ಸಡಿಲ ಮಾಡಿದ್ರೆ ಗಂಟು ಇನ್ನೂ ಇರುತ್ತಲ್ಲ ಮೇಷ್ಟ್ರೇ," ಅಂದ ಷರೀಫ್. "ನಿಮ್ ಗ್ರೀಕ್‌ನೋರು ಗಂಟು ಉಳಿಸ್ಕೊತಿದ್ರಾ, ಪೂರ್ತಿ ತೆಗೀತಿದ್ರಾ?"

"ತೆಗೀತಿದ್ರು."

"ಮತ್ತೆ ಬಿಚ್ಚು ಅನ್ನಿ. ಬಿಚ್ಚಾಣಿಕೆ ಊರಲ್ಲಿ ಕೂತ್ಕೊಂಡು ಸಡಿಲಿಸು ಅಂತೀರಲ್ಲ. ನಮ್ ಮನೆಯೋಳ್ ಕೇಳಿದ್ರೆ ನಗ್ತಾಳೆ."

ಮೇಷ್ಟ್ರು ಪ್ರೂಫ್ ಹಾಳೆಯನ್ನು ಅವನ ಕಡೆ ಸರಿಸಿದರು. "ಹಾಗಾದ್ರೆ ತಿದ್ದಿಬಿಡಪ್ಪ."

"ನಾನ್ ತಿದ್ದಲ್ಲ. ನೀವ್ ಬರ್ಕೊಡಿ, ಜೋಡಿಸ್ತೀನಿ."

ಇದು ಅವನ ಕೆಲಸದ ನೇಮ. ಹಾಳೆಯಲ್ಲಿ ಇಲ್ಲದ ಒಂದು ಚುಕ್ಕೆಯನ್ನೂ ಅವನು ಸೇರಿಸುವವನಲ್ಲ, ಇದ್ದದ್ದನ್ನು ಬಿಡುವವನೂ ಅಲ್ಲ. ನನ್ನ ಕರಪತ್ರದಲ್ಲಿ ಒಮ್ಮೆ 'ಹೋರಾಟ' ಎರಡು ಸಲ ಬರೆದಿದ್ದೆ. ಎರಡು ಸಲವೇ ಅಚ್ಚಾಯಿತು. ಕೇಳಿದರೆ, ಎರಡು ಹೋರಾಟ ಬೇಕಾಗಿರಬಹುದು ಅಂತ ಬಿಟ್ಟೆ ಅಂದ.

ಮೇಷ್ಟ್ರು ಅರ್ಥಗಳನ್ನು ಹೇಳುತ್ತ ಹೋದರು. ಎತ್ತಿನ ಕೊರಳಿಂದ ನೊಗ ತೆಗೆಯುವುದೂ ಲೂಓ. ಸಂಜೆಗೆ ಹಳೆಯ ಗ್ರೀಕರಲ್ಲಿ 'ಎತ್ತು ಬಿಡುವ ಹೊತ್ತು' ಎಂಬ ಮಾತೇ ಇತ್ತಂತೆ, ಅದರ ಹೊಟ್ಟೆಯಲ್ಲೂ ಇದೇ ಪದ. ಹಣ ಕೊಟ್ಟು ಸೆರೆಯವನನ್ನು ಬಿಡಿಸುವುದು, ಸಭೆ ಮುಗಿಸಿ ಜನರನ್ನು ಮನೆಗೆ ಕಳಿಸುವುದು, ಸೇತುವೆ ಕಡಿಯುವುದು, ಕಾನೂನು ಮುರಿಯುವುದು, ಎಲ್ಲಕ್ಕೂ ಇದೊಂದೇ. ಈಟಿ ತಿಂದು ಬಿದ್ದವನ ಮೊಣಕಾಲು 'ಬಿಚ್ಚಿತು' ಎನ್ನುತ್ತಾರೆ. ಕೂಲಿ ಚುಕ್ತಾ ಮಾಡುವುದಕ್ಕೂ ಒಂದೊಂದು ಕಡೆ ಬಳಸಿದ್ದಾರೆ.

"ಆ ಕೊನೇದು ನಮ್ ಊರಿಗೆ ಬೇಡ ಮೇಷ್ಟ್ರೇ," ಎಂದು ಬಯ್ಯಪ್ಪ ಗಲ್ಲಾದಿಂದ ಕೂಗಿದ.

"ಒಂದೇ ಮಾತಿಗೆ ಇಷ್ಟೊಂದ್ ಕೆಲ್ಸಾನಾ?" ಅಂದ ಷರೀಫ್. "ಅದಕ್ಕೆ ಓವರ್‌ಟೈಮ್ ಕೊಡ್ತಿದ್ರಾ?"

ಹುಟ್ಟಿನ ವಿಷಯಕ್ಕೆ ಬಂದಾಗ ಇಬ್ಬರಿಗೂ ಜಗಳವಾಯಿತು. ಸಂಸ್ಕೃತದಲ್ಲಿ ಲೂ ಎಂಬ ಧಾತು ಇದೆ, ಕೊಯ್ಯುವುದು ಎಂದು ಅರ್ಥ, ಲವಿತ್ರ ಎಂದರೆ ಕುಡುಗೋಲು, ಇದೂ ಗ್ರೀಕಿನದೂ ಒಂದೇ ಬೇರಿನವು ಅಂತ ಪಂಡಿತರು ಹೇಳುತ್ತಾರೆ ಎಂದು ಮೇಷ್ಟ್ರು ಬರೆದಿದ್ದರು. ಷರೀಫ್ ಮೊಳೆಗಳನ್ನು ಬಾಯಿಂದ ಅಂಗೈಗೆ ಉಗಿದುಕೊಂಡ.

"ಕೊಯ್ಯೋದೂ ಬಿಚ್ಚೋದೂ ಒಂದೇನಾ ಮೇಷ್ಟ್ರೇ? ಎಳೆ ಬಿಚ್ಚಿದ್ರೆ ನಮ್ಮೋಳಿಗೆ ಕೂಲಿ. ಎಳೆ ಕೊಯ್ದ್ರೆ ಕೂಲಿ ಕಟ್. ಒಂದೇ ತಾಯಿ ಮಕ್ಳು ಅಂತೀರಲ್ಲ, ಯಾರು ನೋಡಿದ್ರು?"

"ಯಾರೂ ನೋಡಿಲ್ಲ. ರೂಪ ಹೋಲುತ್ತೆ, ಅಷ್ಟೇ."

"ಹೋಲಿದ್ರೆ ಆಯ್ತಾ? ನನ್ನ ನೋಡಿ ಚಿಂತಾಮಣೀಲಿ ಒಬ್ಬ ಮಟನ್ ಅಂಗಡಿಯೋನು ತಮ್ಮ ಅಂತ ತಬ್ಕೊಂಡಿದ್ದ."

ಮೇಷ್ಟ್ರಿಗೆ ಸಿಟ್ಟು ಬಂತು. ಮುಂದಿನ ವಾರ ಬಂದವರು ತಣ್ಣಗೆ ಹೇಳಿದರು: "ನೀನು ಕೇಳಿದ್ದು ಸರಿ ಷರೀಫಪ್ಪ. ಹುಟ್ಟು ಅನ್ನೋದು ಅಂದಾಜು. ಜನ ಏನನ್ನ ಕಂಡು ಆ ಮಾತು ಆಡಿದ್ರು ಅನ್ನೋದನ್ನಷ್ಟೇ ಧೈರ್ಯವಾಗಿ ಹೇಳಬಹುದು." ಆ ಪುಟಕ್ಕೆ 'ಎಂದು ಊಹಿಸುತ್ತಾರೆ' ಎಂಬ ಎರಡು ಪದ ಸೇರಿತು. ಮೇಷ್ಟ್ರೇ ಬರೆದುಕೊಟ್ಟರು.

ನಲವತ್ತನೆಯ ಪುಟದ ಹೊತ್ತಿಗೆ ಆ ಪದದ ಮಕ್ಕಳು ಮೊಮ್ಮಕ್ಕಳು ಬಂದರು. ಅದರಲ್ಲೊಂದು ಪರಾಲೂಸಿಸ್. ಪರಾ ಎಂದರೆ ಪಕ್ಕ. ಮೈಯ ಪಕ್ಕ ಬಿಚ್ಚಿಕೊಂಡದ್ದು. ಡಾಕ್ಟರುಗಳು ಇವತ್ತಿಗೂ ಚೀಟಿಯಲ್ಲಿ ಬರೆಯುವ ಪ್ಯಾರಾಲಿಸಿಸ್ ಇದೇ. ಷರೀಫ್ ಆ ಸಾಲನ್ನೂ ಕಟ್ಟಿ ಮುಗಿಸಿದ.

ಎಂಬತ್ತೇಳರ ದಸರಾ ಹೊತ್ತಿಗೆ ಪುಸ್ತಕ ಮುಗಿಯಿತು. ಮುನ್ನೂರು ಪ್ರತಿ. ಕೊನೆಗೆ ಮೇಷ್ಟ್ರು ಅರಿಕೆಯ ಪುಟ ಕೊಟ್ಟರು: 'ಗ್ರೀಕ್ ಅಕ್ಷರಗಳನ್ನು ಮುದ್ರಣಾಲಯದ ಮಾಲೀಕರು ಶ್ರಮವಹಿಸಿ ಸಿದ್ಧಪಡಿಸಿಕೊಟ್ಟಿದ್ದಾರೆ. ಅವರಿಗೆ ನಾನು ಋಣಿ.' ಕೆಟ್ಟ ಮನಸ್ಸಿನಿಂದ ಬರೆದದ್ದಲ್ಲ. ಹಣ ಪಡೆದ ಮಾಲೀಕನಿಗೆ ವಂದನೆ ಹೇಳುವುದು ಮರ್ಯಾದೆ, ಮೊಳೆ ಜೋಡಿಸಿದವನ ಹೆಸರು ಹಾಕುವುದು ಕಂಡುಕೇಳದ್ದು. ಆ ಸಾಲು ಕಟ್ಟಿದ್ದೂ ಷರೀಫನೇ. ನಾನು ಪಕ್ಕದಲ್ಲಿ ನಿಂತು ನೋಡಿದೆ.

"ನಿನ್ನ ಹೆಸರೆಲ್ಲೋ?"

"ಹಾಳೇಲಿಲ್ಲ."

"ಮೇಷ್ಟ್ರಿಗೆ ಹೇಳು. ಒಂದು ಪದ ಸೇರಿಸ್ತಾರೆ."

"ಹೆಸ್ರು ಕೇಳಿ ಹಾಕಿಸ್ಕೊಳ್ಳೋಕೆ ಇದೇನ್ ಸಾವಿನ ಕಾರ್ಡಾ ಲೀಡರ್ ಸಾಬ್? ಹೋಗಿ, ನಿಮ್ ಹಳೇ ಬಾಕಿ ಕೊಡಿ ಮೊದ್ಲು."

ನಾನು ನಕ್ಕೆ. ಮೇಷ್ಟ್ರಿಗೆ ನಾನಾದರೂ ಒಂದು ಮಾತು ಹೇಳಬಹುದಿತ್ತು, ಹೇಳಲಿಲ್ಲ. ನಲವತ್ತು ಪ್ರತಿ ಮಾರಾಟವಾದವು. ಉಳಿದವು ಮಂಚೇನಹಳ್ಳಿಯ ಮನೆಯ ಅಟ್ಟ ಸೇರಿದವು. ಎಂಬತ್ತೊಂಬತ್ತರಲ್ಲಿ ಮೇಷ್ಟ್ರು ತೀರಿಕೊಂಡರು.

ಷರೀಫನಿಗೆ ಹೊಟ್ಟೆನೋವು ಶುರುವಾದದ್ದು ಅದೇ ವರ್ಷ. ಹಿಂಡುವ ನೋವು, ಕಕ್ಕಸ್ಸಿಗೆ ಹೋಗಲಾಗದು. ಗ್ಯಾಸು ಎಂದು ಜೀರಿಗೆ ನೀರು ಕುಡಿದ. ವಸಡಿನ ಅಂಚಿನಲ್ಲಿ ನೀಲಿ ಗೆರೆ ಎದ್ದಿತು, ಎಲೆ ಅಡಿಕೆಯ ಕರೆ ಅಂದುಕೊಂಡ. ತೊಂಬತ್ತೊಂದರ ಜನವರಿಯಲ್ಲಿ ಒಂದು ದಿನ ಮೇಲಿನ ಖಾನೆಗೆ ಕೈ ಹಾಕಲು ಹೋದರೆ ಬಲಗೈ ಮಣಿಕಟ್ಟಿನಿಂದ ಜೋತುಬಿತ್ತು. ನೋವಿಲ್ಲ. ಮುಷ್ಟಿ ಕಟ್ಟಬಹುದು, ಬೆರಳು ಎತ್ತಲಾಗದು. ಬಾಡಿದ ಬಾಳೆಸುಳಿಯ ಹಾಗೆ ನೇತಾಡುವ ಕೈ. ಎಡಗೈಯಲ್ಲಿ ಮೊಳೆ ಹೆಕ್ಕಲು ಎರಡು ವಾರ ಒದ್ದಾಡಿದ. ಪುಟದ ಲೆಕ್ಕದಲ್ಲಿ ಎಡಗೈ ದಿನಕ್ಕೆ ನಾಲ್ಕು ರೂಪಾಯಿ ದುಡಿಯಿತು.

ವಜೀರುನ್ನೀಸಾ ಅವನನ್ನು ಮುರುಗಮಲ್ಲಕ್ಕೆ ಕರೆದುಕೊಂಡು ಹೋಗಿ ದರ್ಗಾದಲ್ಲಿ ದಾರ ಕಟ್ಟಿಸಿದಳು. ಆಮೇಲೆ ಒಂದು ಆಸ್ಪತ್ರೆಗೆ. ಡಾಕ್ಟರು ಕೈಯನ್ನು ಎತ್ತಿ ಬಿಟ್ಟು, ಎತ್ತಿ ಬಿಟ್ಟು, 'ಬಲಗೈ ಪ್ಯಾರಾಲಿಸಿಸ್' ಎಂದು ಚೀಟಿ ಬರೆದರು. ಏನು ಕೆಲಸ ಮಾಡುತ್ತೀಯ ಎಂದು ಕೇಳಲಿಲ್ಲ. ಕೇಳಿದ್ದು ನಮ್ಮ ಸಂಘದ ಕಚೇರಿಗೆ ಬಂದ ಬೆಂಗಳೂರಿನ ಒಬ್ಬ ವಕೀಲೆ. ವಸಡು ನೋಡಿದಳು, ಬಾಯಲ್ಲಿ ಏನಿಟ್ಟುಕೊಳ್ಳುತ್ತಿದ್ದಿರಿ ಅಂದಳು. ಷರೀಫ್ ಹೇಳಿದ. ವಜೀರುನ್ನೀಸಾ ಮೊದಲು ಉರ್ದುವಿನಲ್ಲಿ ಬೈದಳು, ಆಮೇಲೆ ನನಗೂ ತಟ್ಟಲಿ ಎಂದು ಕನ್ನಡದಲ್ಲಿ:

"ಕಡ್ಲೆಪುರಿ ತಿಂದಂಗೆ ಸೀಸ ತಿಂದವ್ರೆ ಅಣ್ಣಾ, ಎರಡು ವರ್ಸ. ನೀವೂ ಅಲ್ಲೇ ಕೂತಿದ್ರಂತಲ್ಲ, ನಿಮ್ ಕಣ್ಣಿಗೆ ಏನಾಗಿತ್ತು?"

ಅರ್ಜಿ ಬರೆದುಕೊಟ್ಟೆ. ಕೆಲಸದಿಂದ ಸೀಸದ ವಿಷ ಏರಿದರೆ ಮಾಲೀಕ ಪರಿಹಾರ ಕೊಡಬೇಕೆಂದು ಕಾನೂನಿನಲ್ಲಿದೆ. ತಿಂಗಳಿಗೊಮ್ಮೆ ಚಿಕ್ಕಬಳ್ಳಾಪುರದಲ್ಲಿ ಪರಿಹಾರದ ಅಧಿಕಾರಿ ಕೂರುತ್ತಾರೆ. ನಾವು ತಿಂಗಳಿಗೊಮ್ಮೆ ಬಸ್ಸು ಹತ್ತಿದೆವು. ಅಧಿಕಾರಿ ರಜೆ. ಬಯ್ಯಪ್ಪನ ವಕೀಲ ಬಂದಿಲ್ಲ. ಫೈಲು ಕೋಲಾರದಲ್ಲಿದೆ. ಅಧಿಕಾರಿಗೆ ವರ್ಗ. ಹೊಸ ಅಧಿಕಾರಿ ಮೊದಲಿನಿಂದ ಓದಬೇಕು. ಬಸ್‌ಸ್ಟ್ಯಾಂಡಿನಲ್ಲಿ ಕಡಲೆಕಾಯಿ ತಿಂದು ಮರಳುವುದು. ಹತ್ತೊಂಬತ್ತು ಸಲ ಹೀಗೆ ಆದಮೇಲೆ ಎಣಿಸುವುದನ್ನು ಬಿಟ್ಟೆ.

ತೊಂಬತ್ತಮೂರರಲ್ಲಿ ಕೊನೆಗೂ ವಿಚಾರಣೆ ನಡೆಯಿತು. ಬಯ್ಯಪ್ಪನ ವಕೀಲ ಡಾಕ್ಟರ ಚೀಟಿಯನ್ನೇ ಎತ್ತಿ ಹಿಡಿದ.

"ಸ್ವಾಮಿ, ಪ್ಯಾರಾಲಿಸಿಸ್ ಅಂತ ಸ್ಪಷ್ಟವಾಗಿದೆ. ಲಕ್ವ. ವಯಸ್ಸಾದವರಿಗೆ, ಬೀಪಿ ಇರೋರಿಗೆ ಬರುವಂಥದ್ದು. ಸೀಸ ಅನ್ನೋ ಮಾತು ಇದರಲ್ಲಿ ಎಲ್ಲಿದೆ?"

ಅಧಿಕಾರಿ ಚೀಟಿ ನೋಡಿ ತಲೆಯಾಡಿಸಿದರು. ಪೆನ್ನು ಎತ್ತಿಕೊಂಡರು. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಹಿಂದಿನ ಬೆಂಚಿನಿಂದ ಷರೀಫ್ ಎದ್ದು ನಿಂತ. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದ.

"ಸಾ, ಒಂದ್ ಮಾತು. ಅದು ಲಕ್ವ ಅಂತ ಅಲ್ಲ ಸಾ. ಪಕ್ಕ ಬಿಚ್ಕೊಂಡೈತೆ ಅಂತ."

"ಏನು?"

"ಪರಾ ಅಂದ್ರೆ ಪಕ್ಕ. ಲೂಸಿಸ್ ಅಂದ್ರೆ ಬಿಚ್ಕೊಂಡಿದ್ದು. ಗ್ರೀಕು ಸಾ. ಕೈ ಬಿಚ್ಕೊಂಡೈತೆ ಅಂತ ಡಾಕ್ಟ್ರು ಕಂಡವ್ರೆ, ಕಂಡಿದ್ದು ಬರೆದವ್ರೆ. ಯಾತಕ್ಕೆ ಬಿಚ್ಕೊಂತು ಅಂತ ಆ ಮಾತಲ್ಲಿಲ್ಲ. ಸೀಸ ಅಂತಾನೂ ಇಲ್ಲ, ಬೀಪಿ ಅಂತಾನೂ ಇಲ್ಲ. ವಕೀಲ್ರು ಇಲ್ದೇ ಇರೋದನ್ನ ಸೇರಿಸ್ತಾವ್ರೆ."

ಕೋಣೆಯಲ್ಲಿ ಯಾರೋ ಕಿಸಕ್ಕೆಂದರು. ಅಧಿಕಾರಿ ಪೆನ್ನು ಕೆಳಗಿಟ್ಟರು.

"ಎಷ್ಟು ಓದಿದ್ದೀಯ?"

"ನಾಲ್ಕನೇ ಕ್ಲಾಸು ಸಾ."

"ಗ್ರೀಕ್ ಎಲ್ಲಿ ಕಲಿತೆ?"

"ಕಲ್ತಿಲ್ಲ ಸಾ. ಜೋ‌ಡಿಸಿದ್ದೀನಿ. ಒಂದೇ ಮಾತು ಗೊತ್ತಿರೋದು."

ಅಧಿಕಾರಿ ಒಳ್ಳೆಯ ಮನುಷ್ಯನೋ ಅಥವಾ ಬೆಳಗಿನಿಂದ ಬೇಸತ್ತಿದ್ದರೋ ಹೇಳಲಾರೆ. ಕಾರಣ ಪತ್ತೆಯಾಗಿಲ್ಲ, ರಕ್ತ ಪರೀಕ್ಷೆ ಆಗಲಿ ಎಂದು ಬರೆದು ಬೆಂಗಳೂರಿಗೆ ಕಳಿಸಿದರು. ವರದಿ ಬರಲು ಹದಿನಾಲ್ಕು ತಿಂಗಳು ಹಿಡಿಯಿತು. ಬಂದದ್ದು ಚೊಕ್ಕವಾಗಿತ್ತು: ಸೀಸದಿಂದಲೇ ಕೈ ಬಿದ್ದಿದೆ.

ನಾವು ಗೆದ್ದೆವು ಅಂದುಕೊಂಡೆವು. ವಕೀಲ ಇನ್ನೊಂದು ಕಾಗದ ತೆಗೆದ. ಷರೀಫ್ ಎಂಬ ಕೆಲಸಗಾರ ಈ ಪ್ರೆಸ್ಸಿನಲ್ಲಿ ಇರಲೇ ಇಲ್ಲ, ಆಗಾಗ ಬಂದು ಪುಟ ಗುತ್ತಿಗೆ ಹಿಡಿಯುತ್ತಿದ್ದ ಹತ್ತಾರು ಜನರಲ್ಲಿ ಒಬ್ಬ. ಹಾಜರಿ ಪುಸ್ತಕ ಇಲ್ಲ. ಸಂಬಳದ ರಸೀದಿ ಇಲ್ಲ. ಅಷ್ಟರಲ್ಲಿ ಬಯ್ಯಪ್ಪ ಆಫ್‌ಸೆಟ್ ಯಂತ್ರ ಹಾಕಿದ್ದ. ಹಳೆಯ ಮೊಳೆಗಳನ್ನೆಲ್ಲ ತೂಕದ ಲೆಕ್ಕದಲ್ಲಿ ಗುಜರಿಗೆ ಹಾಕಿದ್ದ. ನಾನು ಮಂಚೇನಹಳ್ಳಿಗೆ ಹೋಗಿ ಅಟ್ಟದಿಂದ ಆ ಪುಸ್ತಕ ತಂದು ಮುಂದಿಟ್ಟೆ. ವಕೀಲ ಅರಿಕೆಯ ಪುಟ ಜೋರಾಗಿ ಓದಿದ: ಅಕ್ಷರಗಳನ್ನು ಮಾಲೀಕರೇ ಸಿದ್ಧಪಡಿಸಿದ್ದಾರೆ. ಆ ಸಾಲನ್ನು ಕಟ್ಟಿದವನು ಬೆಂಚಿನ ಮೇಲೆ ಕೂತು ಕೇಳಿಸಿಕೊಂಡ.

ನಮ್ಮ ವಕೀಲೆ ಬೆಲ್ಲದ ವಿಷಯ ಎತ್ತಿದಳು. ಕೆಲಸಗಾರನಲ್ಲದವನಿಗೆ ಶನಿವಾರ ಶನಿವಾರ ಬೆಲ್ಲ ಯಾಕೆ ಕೊಟ್ಟಿರಿ ಬಯ್ಯಪ್ಪನವರೇ? ಬಯ್ಯಪ್ಪ ನನ್ನ ಕಡೆ ಕೈ ತೋರಿಸಿದ.

"ಬೆಲ್ಲ ಎಲ್ರಿಗೂ ಕೊಡ್ತಿದ್ದೆ ಸಾಮಿ. ಅಗೋ ಆ ಲೀಡರೂ ತಿಂದವ್ರೆ, ಎರಡೆರಡು ಅಚ್ಚು."

"ಹೌದೇನ್ರಿ?" ಅಂದರು ಅಧಿಕಾರಿ.

"ಹೌದು," ಅಂದೆ.

"ನೀವು ಆ ಪ್ರೆಸ್ಸಿನ ಕೆಲಸಗಾರರಾ?"

ಎಲ್ಲರೂ ನಕ್ಕರು. ಷರೀಫನೂ ನಕ್ಕ. ನಾನು ತಿಂದ ಬೆಲ್ಲ ನಮ್ಮ ಸಾಕ್ಷ್ಯವನ್ನು ಕರಗಿಸಿತು.

ಹೊರಗೆ ಜಗಲಿಯಲ್ಲಿ ಬಯ್ಯಪ್ಪ ಷರೀಫನ ಪಕ್ಕ ಬಂದು ನಿಂತ. ತಲೆ ಬಗ್ಗಿಸಿಕೊಂಡೇ ಮಾತಾಡಿದ.

"ಕೊಡಬಾರ್ದು ಅಂತಲ್ಲ ಕಣೋ ಷರೀಫ. ನೀನೊಬ್ಬ ನನ್ ಕೆಲಸ್ಗಾರ ಅಂತ ಒಪ್ಕೊಂಡ್ರೆ ಮಿಕ್ಕ ಮೂವರೂ ಬರ್ತಾರೆ. ಆಫ್‌ಸೆಟ್ ಸಾಲ ತೀರಿಲ್ಲ. ಎಲ್ಲಿಂದ ತರ್ಲಿ?"

"ಬರ್ಲಿ ಯಜಮಾನ್ರೇ. ಅವ್ರೂ ಜೋಡಿಸವ್ರಲ್ಲ."

"ನಿನ್ ಹಟಕ್ಕೆ ನಾನ್ ಬೀದಿಗೆ ಬೀಳ್ಬೇಕಾ?"

"ನಾನ್ ಬಿದ್ದಿದ್ದೀನಲ್ಲ, ಜಾಗ ಐತೆ. ಬನ್ನಿ."

ಬಯ್ಯಪ್ಪ ಬಸ್ಸಿಗೆ ಹೋದ. ಅದೇ ಬಸ್ಸಿಗೆ ನಾವೂ ಹೋಗಬೇಕಿತ್ತು. ಮೂವರೂ ಒಂದೇ ಬಸ್ಸಿನಲ್ಲಿ ಶಿಡ್ಲಘಟ್ಟಕ್ಕೆ ಬಂದೆವು. ಟಿಕೆಟ್ ತೆಗೆದದ್ದು ಬಯ್ಯಪ್ಪ, ಅದನ್ನೂ ಹೇಳಿಬಿಡಬೇಕು.

ಅಧಿಕಾರಿ ಕೊನೆಗೆ ಹೀಗೆ ಬರೆದಿದ್ದಾರೆ: ಅರ್ಜಿದಾರನು ಸದರಿ ಪ್ರೆಸ್ಸಿನಲ್ಲಿ ನಿರಂತರವಾಗಿ ಕೆಲಸ ಮಾಡಿದ್ದನ್ನು ಕಣ್ಣಾರೆ ಕಂಡ ಇಬ್ಬರು ಸಾಕ್ಷಿಗಳು ಬೇಕು. ಮನೆಯವರು ಆಗುವುದಿಲ್ಲ, ಸಂಘದವರು ಆಗುವುದಿಲ್ಲ, ತಾವೂ ಪರಿಹಾರ ಕೇಳಬಹುದಾದ ಜೊತೆಯ ಕೂಲಿಗಾರರೂ ಆಗುವುದಿಲ್ಲ. ಮೊದಲ ಸಾಕ್ಷಿಯಾಗಿ ಟೀ ಅಂಗಡಿಯ ಅಕ್ಕಯಮ್ಮ ಬಂದಳು. ಹದಿನೇಳು ವರ್ಷ ದಿನಕ್ಕೆ ಮೂರು ಸಲ ಟೀ ಕೊಟ್ಟೆ ಅಂದಳು. ಕೆಲಸಗಾರ ಅಂತ ನಿನಗೆ ಹೇಗೆ ಗೊತ್ತು ಎಂದು ವಕೀಲ ಕೇಳಿದ. "ಯಜಮಾನ್ರು ಕೂತ್ಕೊಂಡು ಟೀ ಕುಡೀತಿದ್ರು, ಈಯಪ್ಪ ನಿಂತ್ಕೊಂಡು ಕುಡೀತಿದ್ದ, ಇನ್ನೆಂಗೆ ಗೊತ್ತಾಗ್ಬೇಕು?" ಅಂದಳು. ಅವಳ ಸಾಕ್ಷಿ ನಿಂತಿತು.

ಎರಡನೆಯವರು ಸಿಕ್ಕಿಲ್ಲ. ನಾನೇ ಮನೆ ಮನೆಗೆ ಹೋಗಿದ್ದೇನೆ. ಗೂಡಿನ ವ್ಯಾಪಾರಿ ನೂರುಲ್ಲಾ ಹದಿನೈದು ವರ್ಷದ ಬಿಲ್ ಪುಸ್ತಕ ಅಲ್ಲೇ ಮಾಡಿಸಿದವರು, ಬಯ್ಯಪ್ಪ ಬೇಜಾರಾಗ್ತಾರೆ ಅಂದರು. ನಿವೃತ್ತ ಹೆಡ್‌ಮಾಸ್ಟರ್ ಮುನಿಶಾಮಪ್ಪನವರು ಪ್ರಶ್ನೆಪತ್ರಿಕೆಯ ಗುಟ್ಟು ಷರೀಫನೊಬ್ಬನ ಕೈಯಲ್ಲೇ ಇತ್ತು ಎಂದು ಹೊಗಳಿದರು, ಕೋರ್ಟು ಕಚೇರಿ ತಮಗೆ ಆಗುವುದಿಲ್ಲ ಅಂದರು. ಅದು ಕೋರ್ಟಲ್ಲ, ಒಂದು ಮೇಜು, ನಾಲ್ಕು ಕುರ್ಚಿ ಎಂದು ಹೇಳಿ ನೋಡಿದೆ. ಮಗಳ ಮದುವೆ ಪತ್ರಿಕೆಯಲ್ಲಿ ತಪ್ಪು ಹುಡುಕಿ ಷರೀಫನನ್ನು ಬಾಯಿಗೆ ಬಂದಂತೆ ಬೈದ ನರಸಿಂಹಪ್ಪನಿಗೆ ಈಗ ಷರೀಫ್ ಯಾರೆಂದೇ ನೆನಪಿಲ್ಲ.

ಷರೀಫ್ ಈಗ ಹೆಂಡತಿಯ ಚರಕದ ಪಕ್ಕ ಕೂತು ಎಡಗೈಯಲ್ಲಿ ಗೂಡು ಆರಿಸಿ ಕೊಡುತ್ತಾನೆ. ಬರುವ ತಿಂಗಳು ಎರಡನೆಯ ಸಾಕ್ಷಿ ಬರದಿದ್ದರೆ ಅರ್ಜಿ ವಜಾ. ಮತ್ತೆ ಹಾಕಲು ಅವಧಿ ಮೀರಿದೆ. ಅವನು ನನ್ನನ್ನು ಏನೂ ಕೇಳುವುದಿಲ್ಲ. ವಜೀರುನ್ನೀಸಾ ಕೇಳುತ್ತಾಳೆ. "ಊರ ತುಂಬ ಇವ್ರು ಜೋಡಿಸಿದ ಕಾಗ್ದ ಐತೆ, ಒಬ್ಬ ಮನುಷ್ಯ ಇಲ್ವಾ ಅಣ್ಣಾ?"

ಎಪ್ಪತ್ತನಾಲ್ಕರಿಂದ ತೊಂಬತ್ತೊಂದರ ನಡುವೆ ನೀವು ಆ ಓಣಿಗೆ ಹೋಗಿ ಲಗ್ನಪತ್ರಿಕೆಯನ್ನೋ, ಬಿಲ್ ಪುಸ್ತಕವನ್ನೋ, ಚುನಾವಣೆಯ ಚೀಟಿಯನ್ನೋ ಮಾಡಿಸಿದ್ದರೆ, ಕೇಸಿನ ಮುಂದೆ ನಿಂತಿದ್ದವನಿಗೆ 'ಬೇಗ ಮಾಡಪ್ಪ' ಎಂದಿದ್ದರೆ, ಈ ಮಾತು ನಿಮಗೆ. ಬರುವ ತಿಂಗಳ ಎರಡನೇ ಗುರುವಾರ, ಬೆಳಿಗ್ಗೆ ಹನ್ನೊಂದಕ್ಕೆ, ಚಿಕ್ಕಬಳ್ಳಾಪುರ, ಪರಿಹಾರದ ಅಧಿಕಾರಿಯ ಕಚೇರಿ. ನಿಮ್ಮ ಕನಿಕರ ಯಾರಿಗೂ ಬೇಡ, ಚಂದಾ ಎತ್ತುತ್ತಿಲ್ಲ. ಬಸ್ ಚಾರ್ಜು ನಿಮ್ಮದೇ. ಅವನು ಅಲ್ಲಿ ಕೆಲಸ ಮಾಡುವುದನ್ನು ನೋಡಿದ್ದೇನೆ ಎಂದು ಹೇಳಿ, ಕೆಳಗೆ ಸಹಿ ಹಾಕಬೇಕು. ಒಬ್ಬರು ಸಾಕು. ಬರುತ್ತೀರೋ ಇಲ್ಲವೋ, ಹೇಳಿ.